ಬೀಡಿ, ಗುಟ್ಕಾ, ಹೊಗೆಸೊಪ್ಪು ಬಿಡುವುದು ಹೇಗೆ? ದಾವಣಗೆರೆ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತಂಬಾಕು ಬಿಡಿ ಅಂತ ಹೇಳುವವರು ಬೇಕಾದಷ್ಟು ಜನ. ಹೇಗೆ ಬಿಡಬೇಕು ಅಂತ ಪಕ್ಕದಲ್ಲಿ ಕೂತು ಹೇಳುವವರು ಬಹಳ ಕಡಿಮೆ. ಪ್ಯಾಕೆಟ್ ಮೇಲೆ ಹುಣ್ಣಾದ ಬಾಯಿಯ ಚಿತ್ರ ಇದೆ. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಎಚ್ಚರಿಕೆ ಬರುತ್ತದೆ. ಮನೆಯಲ್ಲಿ ಮಕ್ಕಳು ಮುಖ ತಿರುಗಿಸುತ್ತಾರೆ. ಇಷ್ಟಾದರೂ ಬೆಳಗ್ಗೆ ಎದ್ದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಹಾಗಂತ ಆ ಮನುಷ್ಯನಿಗೆ ಬುದ್ಧಿ ಇಲ್ಲ ಅನ್ನಲಾಗದು. ತಂಬಾಕಿನಲ್ಲಿರುವ ನಿಕೋಟಿನ್ ಅವನ ಮಿದುಳಿಗೆ ಒಂದು ವೇಳಾಪಟ್ಟಿ ಹಾಕಿಕೊಟ್ಟಿದೆ. ಬಿಡಬೇಕಾದರೆ ಆ ವೇಳಾಪಟ್ಟಿಯನ್ನು ಮುರಿಯಬೇಕು. ಅದಕ್ಕೆ ಶಪಥಕ್ಕಿಂತ ತಯಾರಿ ಜಾಸ್ತಿ ಬೇಕು.

ನಾನು ದಾವಣಗೆರೆಯಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ಬಾಯಿಹುಣ್ಣಿನ ಜೆಲ್, ಕೆಮ್ಮಿನ ಸಿರಪ್, ಅಸಿಡಿಟಿ ಮಾತ್ರೆಗಳನ್ನು ಮತ್ತೆ ಮತ್ತೆ ಒಯ್ಯುವ ಎಷ್ಟೋ ಜನರ ಅಂಗಿ ಜೇಬಿನಲ್ಲೇ ಕಾಯಿಲೆಯ ಕಾರಣ ಇಣುಕುತ್ತಿರುತ್ತದೆ. ಈ ಬರಹ ಅವರಿಗಾಗಿ. ಎಪಿಎಂಸಿಯ ಹಮಾಲರು, ಹೈವೇ ಲಾರಿಯವರು, ಕಾಲೇಜು ಹುಡುಗರು, ಎಲೆ-ಅಡಿಕೆ ಜೊತೆ ಚೂರು ಹೊಗೆಸೊಪ್ಪು ಹಾಕುವ ಅಜ್ಜಿಯರು, ಎಲ್ಲರಿಗೂ. ತಂಬಾಕಿನ ಬಗ್ಗೆ ಬರೆಯುವವರು ಹೆಚ್ಚಾಗಿ ಸಿಗರೇಟನ್ನೇ ಹಿಡಿದುಕೊಳ್ಳುತ್ತಾರೆ. ನಮ್ಮಲ್ಲಿ ಲೆಕ್ಕ ಬೇರೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಮೊದಲು, ನಿಕೋಟಿನ್ ಹೇಗೆ ಹಿಡಿಯುತ್ತದೆ

ಹೊಗೆ ಒಳಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಹಿತ ಅನ್ನಿಸುತ್ತದೆ. ಆದರೆ ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು ಶುರುವಾಗುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಇನ್ನೊಂದು ಸೇದಿದರೆ ಸಮಾಧಾನ. "ಟೆನ್ಷನ್ ಇದ್ದಾಗ ಒಂದು ದಮ್ ಎಳೆದರೆ ತಲೆ ಹಗುರ ಆಗುತ್ತೆ" ಅನ್ನುತ್ತಾರಲ್ಲ, ಅದು ಇದೇ. ಹಿಂದಿನ ಬೀಡಿ ತಂದ ಚಡಪಡಿಕೆಯನ್ನು ಮುಂದಿನ ಬೀಡಿ ಸ್ವಲ್ಪ ಹೊತ್ತು ಅಡಗಿಸುತ್ತದೆ, ಅಷ್ಟೆ. ರಾತ್ರಿಯಿಡೀ ನಿದ್ದೆಯಲ್ಲಿ ನಿಕೋಟಿನ್ ಕುಸಿದಿರುತ್ತದೆ. ಬೆಳಗಿನ ಮೊದಲ ಬೀಡಿ ಅಷ್ಟು ಬೇಕು ಅನ್ನಿಸುವುದು ಅದಕ್ಕೇ.

ಜಗಿಯುವವರಲ್ಲಿ ಅದು ಕೆನ್ನೆ ಮತ್ತು ತುಟಿಯ ಒಳಪದರದ ಮೂಲಕ ರಕ್ತಕ್ಕೆ ಸೇರುತ್ತದೆ. ನಿಧಾನಕ್ಕೆ ಏರುತ್ತದೆ, ಜಾಸ್ತಿ ಹೊತ್ತು ಉಳಿಯುತ್ತದೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವುದು ಬರೀ ರುಚಿಗಲ್ಲ. ಸುಣ್ಣದ ಕ್ಷಾರದಿಂದ ನಿಕೋಟಿನ್ ಒಳಪದರದೊಳಗೆ ಸಲೀಸಾಗಿ ಇಳಿಯುತ್ತದೆ. ಜೊತೆಗೆ ಆ ಸುಣ್ಣವೇ ಬಾಯಿಯನ್ನು ಸುಡುತ್ತಿರುತ್ತದೆ.

ಒಂದು ವಿಷಯ ಇಲ್ಲೇ ತಿಳಿದುಕೊಳ್ಳಿ, ಮುಂದೆ ನಿಕೋಟಿನ್ ಗಮ್ (ತಂಬಾಕು ಬಿಡಲು ಜಗಿಯುವ ಔಷಧ) ಬಗ್ಗೆ ಹೇಳುವಾಗ ಬೇಕಾಗುತ್ತದೆ. ಚಟ ಹಿಡಿಸುವುದು ನಿಕೋಟಿನ್. ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಅದರ ಜೊತೆ ಬರುವ ಉಳಿದ ವಿಷಗಳು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಜಗಿಯುವ ತಂಬಾಕಿನಲ್ಲಿ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಇರುತ್ತವೆ, ಅದೂ ನೇರವಾಗಿ ಬಾಯಿಯ ಚರ್ಮಕ್ಕೆ ಒತ್ತಿಕೊಂಡು.

ನಿಮ್ಮದು ಯಾವುದು, ಅದು ಏನು ಮಾಡುತ್ತದೆ

ಬೀಡಿ ಸಣ್ಣದು, ಎಲೆಯದು, ಅದರಿಂದ ತೊಂದರೆ ಕಡಿಮೆ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಸತ್ಯ ತಿರುಗುಮುರುಗು. ತೆಂಡು ಎಲೆಯಲ್ಲಿ ಗಾಳಿ ಆಡುವುದಿಲ್ಲ. ಬೀಡಿ ಆರುತ್ತಲೇ ಇರುತ್ತದೆ. ಆರದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ಹೊಗೆಯ ಅಂಟು ಮಸಿಯಾದ ಟಾರ್, ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಎರಡೂ ಆಳಕ್ಕೆ ಹೋಗುತ್ತವೆ. ಶ್ವಾಸಕೋಶ, ಗಂಟಲು, ಬಾಯಿಯ ಕ್ಯಾನ್ಸರ್, ಹೃದಯಾಘಾತ, ದಮ್ಮು ಕಟ್ಟುವ ಸಿಒಪಿಡಿ, ಎಲ್ಲಕ್ಕೂ ಇದು ದಾರಿ. ಇನ್ನೊಂದು ಕಾಯಿಲೆ ಬೀಡಿ ಸೇದುವವರಲ್ಲಿ ಕಾಣುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು, ನಡೆದರೆ ಮೀನಖಂಡ ಹಿಡಿದು, ಕಾಲ್ಬೆರಳು ಕಪ್ಪಾಗುತ್ತವೆ. ಬರ್ಗರ್ ಕಾಯಿಲೆ ಅಂತ ಅದಕ್ಕೆ ಹೆಸರು. ತಂಬಾಕು ಪೂರ್ತಿ ನಿಲ್ಲಿಸದೆ ಅದು ಹತೋಟಿಗೆ ಬರುವುದಿಲ್ಲ. ಸೇದದಿದ್ದರೂ ಬೀಡಿ ಕಟ್ಟುವ ಹೆಣ್ಣುಮಕ್ಕಳ ಮೈಗೆ ಚರ್ಮದ ಮೂಲಕ, ಧೂಳಿನ ಮೂಲಕ ನಿಕೋಟಿನ್ ಸೇರುತ್ತದೆ. ಕಟ್ಟುವ ಜಾಗ ಗಾಳಿಯಾಡುವಂತಿರಲಿ, ಕೈ ತೊಳೆಯದೆ ಅಡುಗೆಗೆ, ಮಗುವಿಗೆ ಕೈ ಹಾಕಬೇಡಿ.

ಗುಟ್ಕಾವನ್ನು ಕರ್ನಾಟಕ 2013ರ ಮೇ ತಿಂಗಳಲ್ಲೇ ನಿಷೇಧಿಸಿದೆ. ಆಮೇಲೆ ಬಂದದ್ದು ಜೋಡಿ ಚೀಟಿ. ಪಾನ್ ಮಸಾಲ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಹರಿದು, ಕಲಸಿ, ಬಾಯಿಗೆ ಹಾಕಿದ ಮೇಲೆ ಗುಟ್ಕಾಕ್ಕೂ ಇದಕ್ಕೂ ವ್ಯತ್ಯಾಸವೇನು?

ಅಡಿಕೆಯ ಬಗ್ಗೆ ಮಾತಾಡುವುದು ನಮ್ಮ ಜಿಲ್ಲೆಯಲ್ಲಿ ಸುಲಭ ಇಲ್ಲ. ಚನ್ನಗಿರಿ ಕಡೆ ತೋಟವೇ ಬದುಕು. ಮದುವೆ, ಮುಂಜಿ, ಪೂಜೆ ಯಾವುದೂ ಅಡಿಕೆ ಇಲ್ಲದೆ ಆಗುವುದಿಲ್ಲ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆಯನ್ನು ದಿನವಿಡೀ ದವಡೆಯಲ್ಲಿಟ್ಟು ಜಗಿಯುವವರಿಗೆ ಕೆನ್ನೆಯ ಒಳಭಾಗ ಗಟ್ಟಿಯಾಗಿ, ನಾರುನಾರಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ತಗುಲಿದರೆ ಉರಿ. ಆಮೇಲೆ ಬಾಯಿಯೊಳಗೆ ತುತ್ತು ಹಿಡಿಸುವುದೂ ಕಷ್ಟ. ಇಪ್ಪತ್ತು ದಾಟದ ಹುಡುಗರಲ್ಲೂ ಇದು ಬರುತ್ತದೆ, ಕಾರಣ ಪ್ಯಾಕೆಟ್ ಮಸಾಲ. ಒಮ್ಮೆ ಗಟ್ಟಿಯಾದ ಬಾಯಿ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು. ಮಿರ್ಚಿ ಮಂಡಕ್ಕಿ ತಿನ್ನುವ ಊರಿನಲ್ಲಿ ಹುಟ್ಟಿ, ಮಿರ್ಚಿ ಮುಟ್ಟಿದರೆ ಕಣ್ಣಲ್ಲಿ ನೀರು ಬರುವ ಹುಡುಗರನ್ನು ಕೌಂಟರ್ ಆಚೆ ನೋಡುವಾಗ ಹೊಟ್ಟೆ ಉರಿಯುತ್ತದೆ.

"ನಾನು ದಿನಕ್ಕೆ ಒಂದೇ" ಅನ್ನುವವರಿಗೆ ಒಂದು ಮಾತು. ದಿನಕ್ಕೆ 20 ಸಿಗರೇಟ್ ಸೇದುವವರಿಗೆ ಎಷ್ಟು ಹೆಚ್ಚುವರಿ ಹೃದಯದ ಅಪಾಯ ಇದೆಯೋ, ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದು ಸೇದುವವರಿಗೂ ಇದೆ. ಕ್ಯಾನ್ಸರ್ ವಿಷಯದಲ್ಲಿ ಕಡಿಮೆ ಮಾಡಿದರೆ ಸ್ವಲ್ಪ ಲಾಭ ಇದೆ, ಹೃದಯದ ವಿಷಯದಲ್ಲಿ ಒಂದು ಕೂಡ ಸುಮ್ನೆ ಬಿಡುವುದಿಲ್ಲ.

ಸೇದುವವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು, ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ 30ರಿಂದ 40ರಷ್ಟು ಹೆಚ್ಚು. ಬಸುರಿಯರು ಹೊಗೆಸೊಪ್ಪು, ಕಡ್ಡಿಪುಡಿ ಹಾಕಿದರೂ ಮಗು ತೂಕ ಕಡಿಮೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಹೊಗೆ ಇಲ್ಲ ಅಂದ ಮಾತ್ರಕ್ಕೆ ಹೊಟ್ಟೆಯ ಮಗುವಿಗೆ ತಟ್ಟುವುದಿಲ್ಲ ಅಂತ ಇಲ್ಲ.

ಹೆಜ್ಜೆ 1: ಕನ್ನಡಿ ಮುಂದೆ ನಿಂತು ಬಾಯಿ ನೋಡಿಕೊಳ್ಳಿ

ಬಿಡುವ ಯೋಚನೆ ಬಂದ ದಿನವೇ ಇದನ್ನು ಮಾಡಿ. ಬಾಯಿ ಚೆನ್ನಾಗಿ ಮುಕ್ಕಳಿಸಿ. ಕೈ ತೊಳೆದು, ಮೊಬೈಲ್ ಟಾರ್ಚ್ ಹಚ್ಚಿ ಕನ್ನಡಿ ಮುಂದೆ ನಿಲ್ಲಿ. ಮೊದಲು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಹಿಡಿದು ನೋಡಿ. ಮೂರು ಹಿಡಿಸಬೇಕು. ಎರಡೇ ಹಿಡಿಸಿದರೆ ಬಾಯಿ ಆಗಲೇ ಮುಚ್ಚಿಕೊಳ್ಳುತ್ತಿದೆ ಅಂತ ಅರ್ಥ. ಆಮೇಲೆ ತುಟಿ ಮಡಚಿ ಒಳಗೆ ನೋಡಿ. ಬೆರಳಿನಿಂದ ಕೆನ್ನೆ ಹೊರಗೆ ಎಳೆದು, ನೀವು ಯಾವ ಬದಿಗೆ ತಂಬಾಕು ಇಡುತ್ತೀರೋ ಆ ಜಾಗ ನೋಡಿ. ನಾಲಿಗೆ ಹೊರಚಾಚಿ ಎರಡೂ ಅಂಚು, ನಾಲಿಗೆ ಎತ್ತಿ ಅಡಿಭಾಗ, ಕೊನೆಗೆ ಬಾಯಿಯ ಮೇಲ್ಭಾಗದ ಅಂಗುಳ.

ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ, ನುಂಗುವಾಗ ತೊಂದರೆ, ಧ್ವನಿ ಬದಲಾಗಿರುವುದು. ಇದರಲ್ಲಿ ಒಂದಿದ್ದರೂ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಅಂತ ಕಾಯಬೇಡಿ, ಬಾಯಿ ಕ್ಯಾನ್ಸರಿನ ಶುರುವಿನಲ್ಲಿ ನೋವು ಇರುವುದೇ ಇಲ್ಲ ಎಷ್ಟೋ ಸಲ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಚಿತ್ರದುರ್ಗದಲ್ಲಿ ಎಸ್.ಜೆ.ಎಂ. ಡೆಂಟಲ್ ಕಾಲೇಜು ಇದೆ. ಬಾಯಿಹುಣ್ಣಿಗೆ ನಮ್ಮಂಥ ಅಂಗಡಿಯಿಂದ ಜೆಲ್ ಒಯ್ದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವುದು ದಯವಿಟ್ಟು ಬೇಡ.

ಹೆಜ್ಜೆ 2: ಮೂರು ದಿನ ಬರೆದಿಡಿ

ಇನ್ನೂ ಬಿಡಬೇಡಿ. ಮೂರು ದಿನ ಎಂದಿನಂತೆಯೇ ಇರಿ, ಆದರೆ ಪ್ರತಿ ಸಲ ಬರೆಯಿರಿ. ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಎಷ್ಟು ಬೇಕೇಬೇಕು ಅನ್ನಿಸಿತು. ಬೀಡಿ ಕಟ್ಟಿನ ಕಾಗದದ ಮೇಲೆ ಬರೆದರೂ ಸಾಕು. ಬರೆಯಲು ಬಾರದ ಹಿರಿಯರಿದ್ದರೆ ಮೊಮ್ಮಕ್ಕಳ ಹತ್ತಿರ ಹೇಳಿ ಬರೆಸಲಿ.

ಮೂರನೇ ದಿನ ರಾತ್ರಿ ಕೂತು ನೋಡಿದರೆ ಒಂದು ವಿಷಯ ಕಾಣುತ್ತದೆ. ಕೆಲವು ನಿಜವಾಗಿ ಮೈ ಕೇಳಿದ್ದು: ಎದ್ದ ಕೂಡಲೇ, ಊಟ ಆದ ಮೇಲೆ, ಮೂರು ಗಂಟೆ ಸಿಗದಿದ್ದಾಗ. ಇನ್ನು ಕೆಲವನ್ನು ಕೇಳಿದ್ದು ಜಾಗ: ಟೀ ಅಂಗಡಿ, ಲೋಡ್ ಇಳಿಸಿ ಕೂತ ಕಟ್ಟೆ, ಬಸ್ ಸ್ಟ್ಯಾಂಡ್, ಗೆಳೆಯ ಕೈಚಾಚಿದ ಗಳಿಗೆ. ಮೈ ಕೇಳಿದ್ದಕ್ಕೆ ಔಷಧ ಇದೆ. ಜಾಗ ಕೇಳಿದ್ದಕ್ಕೆ ದಾರಿ ಬದಲಿಸಬೇಕು. ಎರಡನ್ನೂ ಒಂದೇ ಅಂತ ತಿಳಿದವರು ಗಮ್ ಜಗಿಯುತ್ತಲೇ ಅದೇ ಪಾನ್ ಅಂಗಡಿ ಮುಂದೆ ನಿಂತು ಸೋಲುತ್ತಾರೆ.

ಇನ್ನೊಂದು ಲೆಕ್ಕ: ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಅರ್ಧ ಗಂಟೆಯೊಳಗೆ ಬೇಕೇಬೇಕು ಅಂದರೆ ಚಟ ಗಟ್ಟಿಯಾಗಿದೆ, ನಿಮಗೆ ಔಷಧದ ಸಹಾಯ ಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ಯಾವ ಸಹಾಯವೂ ಇಲ್ಲದೆ ಬಿಟ್ಟವರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ನೂರಕ್ಕೆ 3ರಿಂದ 5 ಜನ ಮಾತ್ರ.

ಹೆಜ್ಜೆ 3: ದಿನ ಗೊತ್ತು ಮಾಡಿ

ಇವತ್ತಿನಿಂದ ಎರಡು ವಾರದೊಳಗೆ ಒಂದು ದಿನ ಗುರುತಿಸಿ. ಯುಗಾದಿಗೆ ಬಿಡುತ್ತೇನೆ, ಮಗಳ ಮದುವೆ ಆದ ಮೇಲೆ ಬಿಡುತ್ತೇನೆ ಅಂತ ಮುಂದೂಡಬೇಡಿ. ಹಾಗೆಯೇ ದುರ್ಗಾಂಬಿಕಾ ಜಾತ್ರೆಯ ವಾರ, ಮೆಕ್ಕೆಜೋಳದ ಕಟಾವಿನ ಗಡಿಬಿಡಿ, ಮನೆಯಲ್ಲಿ ನೆಂಟರು ತುಂಬಿದ ದಿನ ಇವೂ ಬೇಡ. ಮೊದಲ ಮೂರು ದಿನ ಸ್ವಲ್ಪ ಸಮಾಧಾನವಾಗಿ ಇರಲು ಆಗುವಂತಿರಬೇಕು, ಅಷ್ಟು ನೋಡಿಕೊಳ್ಳಿ.

ನಿಧಾನವಾಗಿ ಕಡಿಮೆ ಮಾಡುವುದೋ, ಒಂದೇ ಸಲ ನಿಲ್ಲಿಸುವುದೋ? ದಿನ ಗೊತ್ತು ಮಾಡಿ ಒಂದೇ ಸಲ ನಿಲ್ಲಿಸಿದವರಿಗೆ ಗೆಲುವು ಸ್ವಲ್ಪ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಕಡಿಮೆ ಮಾಡುವವರು ಉಳಿದ ನಾಲ್ಕನ್ನೇ ಆಳವಾಗಿ ಎಳೆಯುತ್ತಾರೆ, ಚೀಟಿಯನ್ನು ಇನ್ನೂ ಜಾಸ್ತಿ ಹೊತ್ತು ದವಡೆಯಲ್ಲಿಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹಾರುವುದಂತೂ ಬೇಡವೇ ಬೇಡ. ಸಿಗರೇಟ್ ಬಿಟ್ಟು ಖೈನಿ ಹಿಡಿದವರು, ಗುಟ್ಕಾ ಬಿಟ್ಟು ಬರೀ ಅಡಿಕೆಗೆ ಇಳಿದವರು ಏನನ್ನೂ ಬಿಟ್ಟಿಲ್ಲ. ಇ-ಸಿಗರೇಟಿನ ಮಾರಾಟವನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ.

ಹೆಜ್ಜೆ 4: ಸಹಾಯ ತೆಗೆದುಕೊಳ್ಳಿ

ನಾನು ಅತಿ ಹೆಚ್ಚು ಒತ್ತಿ ಹೇಳುವ ಹೆಜ್ಜೆ ಇದು. ತಂಬಾಕಿನ ಪ್ಯಾಕೆಟ್ ಮೇಲೆ ಒಂದು ಫೋನ್ ನಂಬರ್ ಅಚ್ಚಾಗಿರುತ್ತದೆ, ನೋಡಿದ್ದೀರಾ? 1800-11-2356. ಅದು ರಾಷ್ಟ್ರೀಯ ಸಹಾಯವಾಣಿ, 2016ರಲ್ಲಿ ಶುರುವಾದದ್ದು. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ಸೋಮವಾರ ರಜೆ. ಬಿಡುವ ದಿನ ಗೊತ್ತು ಮಾಡುವುದಕ್ಕೆ ಸಹಾಯ ಮಾಡುತ್ತಾರೆ, ಆಮೇಲೆ ಅವರೇ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಾರೆ. ಮನಸ್ಸು ತೀರಾ ಕುಗ್ಗಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೂ ಕನ್ನಡದಲ್ಲಿ ಕರೆ ಮಾಡಬಹುದು.

ಎದುರಿಗೆ ಕೂತು ಮಾತಾಡಬೇಕು ಅನ್ನುವವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ, ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಅಂತ ಓಪಿಡಿ ಚೀಟಿ ಮಾಡುವಲ್ಲೇ ಕೇಳಿ. ಡೆಂಟಲ್ ಕಾಲೇಜುಗಳಲ್ಲೂ ವಿಚಾರಿಸಿ.

ಈಗ ನಿಕೋಟಿನ್ ಗಮ್. ಮೇಲೆ ಹೇಳಿದ ಹಾಗೆ, ಇದು ಬರೀ ನಿಕೋಟಿನ್ ಅನ್ನು ಕಡಿಮೆ ಪ್ರಮಾಣದಲ್ಲಿ, ನಿಧಾನವಾಗಿ ಕೊಡುತ್ತದೆ. ಹೊಗೆ, ಟಾರ್ ಇಲ್ಲ. ಚಡಪಡಿಕೆ ತಗ್ಗುತ್ತದೆ, ಆಮೇಲೆ ಇದನ್ನೂ ಇಳಿಸಿ ನಿಲ್ಲಿಸಬಹುದು. 2 ಮಿ.ಗ್ರಾಂ. ಮತ್ತು 4 ಮಿ.ಗ್ರಾಂ. ಅಂತ ಎರಡು ಬರುತ್ತವೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕಾಗುವವರಿಗೆ 4 ಮಿ.ಗ್ರಾಂ. ಸರಿಹೋಗುತ್ತದೆ, ಅದನ್ನು ವೈದ್ಯರ ಚೀಟಿ ಮೇಲೆ ತೆಗೆದುಕೊಳ್ಳಿ.

ಗಮ್ ಒಯ್ದವರು ವಾಪಸ್ ಬಂದು "ಇದು ಆಗೋದಿಲ್ಲ ಅಣ್ಣಾ, ಗಂಟಲು ಉರಿಯುತ್ತೆ, ಬಿಕ್ಕಳಿಕೆ ಬರುತ್ತೆ" ಅನ್ನುವುದು ಮಾಮೂಲು. ಹೇಗೆ ಜಗಿದಿರಿ ಅಂದರೆ, ಬಬಲ್ ಗಮ್ ಜಗಿದಂತೆ ಪಚಪಚ ಜಗಿದು ರಸ ನುಂಗಿರುತ್ತಾರೆ. ಕ್ರಮ ಬೇರೆ. ನಿಧಾನವಾಗಿ ಜಗಿಯಿರಿ. ನಾಲಿಗೆಗೆ ಖಾರ ಖಾರ, ಚುರುಚುರು ಅನ್ನಿಸಿದ ಕೂಡಲೇ ಜಗಿಯುವುದು ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಬಿಡಿ. ಚುರುಚುರು ಕಡಿಮೆಯಾದಾಗ ಮತ್ತೆ ನಾಲ್ಕು ಸಲ ಜಗಿದು, ಈ ಸಲ ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ಜಗಿಯುವುದಕ್ಕಿಂತ ಇಡುವುದೇ ಜಾಸ್ತಿ. ಜಗಿಯುವ 15 ನಿಮಿಷ ಮೊದಲಿನಿಂದ ಕಾಫಿ, ಜ್ಯೂಸ್, ಸೋಡಾ ಕುಡಿಯಬೇಡಿ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಒಟ್ಟು 12 ವಾರದಲ್ಲಿ ನಿಲ್ಲಿಸಿ. ಎರಡೇ ದಿನ ಜಗಿದು ಬಿಟ್ಟವರಿಗೆ ಉಪಯೋಗ ಆಗುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ಬಾಯಿ ಸರಿಯಾಗಿ ತೆರೆಯದವರಿಗೆ, ಹಲ್ಲಿನ ಸೆಟ್ ಇರುವವರಿಗೆ ಗಮ್ ಸರಿಹೋಗುವುದಿಲ್ಲ. ಅವರಿಗೆ ಮೈಗೆ ಅಂಟಿಸುವ ಪ್ಯಾಚ್ ಇದೆ, ಚೀಪುವ ಗುಳಿಗೆ ಇದೆ. ವರೆನಿಕ್ಲಿನ್, ಬುಪ್ರೋಪಿಯಾನ್ ಎಂಬ ಮಾತ್ರೆಗಳೂ ಇವೆ. ಅವನ್ನು ಬಿಡುವ ದಿನಕ್ಕೆ ಒಂದು-ಎರಡು ವಾರ ಮೊದಲೇ ಶುರು ಮಾಡಬೇಕು. ಅದಕ್ಕೇ ದಿನ ಗೊತ್ತಾದ ಕೂಡಲೇ ವೈದ್ಯರ ಹತ್ತಿರ ಹೋಗಿ. ಮೂರ್ಛೆ ರೋಗ ಇರುವವರಿಗೆ ಬುಪ್ರೋಪಿಯಾನ್ ಕೊಡುವುದಿಲ್ಲ. ಬಸುರಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್ ಕೂಡ ತಾವಾಗಿಯೇ ಶುರು ಮಾಡುವುದು ಬೇಡ. ಮಾನಸಿಕ ಕಾಯಿಲೆಗೆ, ಅಸ್ತಮಾಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಇನ್ಸುಲಿನ್ ಹಾಕಿಕೊಳ್ಳುವವರು ಸೇದುವುದು ಬಿಡುತ್ತಿದ್ದೇನೆ ಅಂತ ವೈದ್ಯರಿಗೆ ಮೊದಲೇ ತಿಳಿಸಿ. ಹೊಗೆ ನಿಂತಾಗ ಕೆಲವು ಔಷಧಗಳ ಪ್ರಮಾಣ ಬದಲಿಸಬೇಕಾಗುತ್ತದೆ.

ಹೆಜ್ಜೆ 5: ಹಿಂದಿನ ದಿನದ ಕೆಲಸಗಳು

ಪಾನ್ ಅಂಗಡಿಯಲ್ಲಿ ಉದ್ರಿ ಇದ್ದರೆ ಚುಕ್ತಾ ಮಾಡಿ ಬನ್ನಿ. ಇದು ಸಣ್ಣ ಮಾತು ಅನ್ನಿಸಬಹುದು, ಆದರೆ ಉದ್ರಿ ಇರುವವರೆಗೆ ಕಾಲು ಆ ಕಡೆ ಹೋಗುತ್ತಲೇ ಇರುತ್ತದೆ. "ನಾಳೆಯಿಂದ ನನಗೆ ಕೊಡಬೇಡ ಕಣಪ್ಪಾ" ಅಂತ ಅಂಗಡಿಯವನಿಗೂ ಹೇಳಿಬಿಡಿ. ಮನೆ, ಬೈಕಿನ ಡಿಕ್ಕಿ, ಲಾರಿ ಕ್ಯಾಬಿನ್, ಹೊಲದ ಶೆಡ್, ಹಳೇ ಪ್ಯಾಂಟಿನ ಜೇಬು, ದಿಂಬಿನ ಅಡಿ ಎಲ್ಲ ಕಡೆ ಹುಡುಕಿ ತೆಗೆದು ಹಾಕಿ. ಲೈಟರ್, ಸುಣ್ಣದ ಡಬ್ಬಿ, ಆ್ಯಶ್ ಟ್ರೇ ಸಹ. ಸಂಚಿ ಇಟ್ಟುಕೊಳ್ಳುವ ಅಜ್ಜಿಯರು ಸಂಚಿಯನ್ನು ಬಿಸಾಡುವುದು ಬೇಡ, ಪ್ರೀತಿಯ ವಸ್ತು ಅದು. ಹೊಗೆಸೊಪ್ಪು, ಅಡಿಕೆ, ಸುಣ್ಣ ತೆಗೆದು ಏಲಕ್ಕಿ, ಲವಂಗ, ಸೋಂಪು ತುಂಬಿಡಿ.

ಹೆಜ್ಜೆ 6: ಮೊದಲ ಮೂರು ದಿನ

ಅತಿ ಕಷ್ಟದ ಗಳಿಗೆ ಇಲ್ಲೇ ಬರುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಹೋಗುತ್ತದೆ. ಬೇಕೇಬೇಕು ಅನ್ನುವ ಒಂದೊಂದು ಸೆಳೆತವೂ ಕೆಲವೇ ನಿಮಿಷದ್ದು, ನೀವು ಸೇದಿದರೂ ಸೇದದಿದ್ದರೂ ಅದು ಹೋಗುತ್ತದೆ. ಗಡಿಯಾರ ನೋಡಿ, ಹತ್ತು ನಿಮಿಷ ತಳ್ಳಿ. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ನಿಧಾನವಾಗಿ ಉಸಿರು ಎಳೆದು ಬಿಡಿ. ಕೂತ ಜಾಗದಿಂದ ಎದ್ದು ಬೇರೆ ಕಡೆ ಹೋಗಿ.

ಬಾಯಿಗೆ ಏನಾದರೂ ಬೇಕು. ಹುರಿದ ಶೇಂಗಾ, ಪುಟಾಣಿ, ಸೌತೆಕಾಯಿ ಹೋಳು, ಒಣಗಿಸಿದ ನೆಲ್ಲಿಕಾಯಿ, ಸೋಂಪು ಜೇಬಲ್ಲಿರಲಿ. ಚಳ್ಳಕೆರೆ ಸೀಮೆಯವರಿಗೆ ಶೇಂಗಾ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸ್ವೀಟ್ ಸುಪಾರಿ ಮಾತ್ರ ಬೇಡ, ಅದೂ ಅಡಿಕೆಯೇ.

ಟೀ, ಕಾಫಿಯನ್ನು ಅರ್ಧಕ್ಕೆ ಇಳಿಸಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೇದುವವರ ಮೈಯಲ್ಲಿ ಹೊಗೆಯ ಪ್ರಭಾವದಿಂದ ಕೆಫೀನ್ ಬೇಗ ಕರಗುತ್ತಿರುತ್ತದೆ. ಸೇದುವುದು ನಿಂತ ಕೂಡಲೇ ಅದೇ ನಾಲ್ಕು ಟೀ ಮೈಯಲ್ಲಿ ಎರಡರಷ್ಟು ಕೆಲಸ ಮಾಡುತ್ತದೆ. ನಿದ್ದೆ ಬರುವುದಿಲ್ಲ, ಎದೆ ಡವಡವ, ಕೈ ನಡುಕ. ಬೀಡಿ ಬಿಟ್ಟದ್ದಕ್ಕೆ ಹೀಗಾಯಿತು ಅಂತ ಮತ್ತೆ ಹಚ್ಚುತ್ತಾರೆ. ಎಷ್ಟೋ ಸಲ ಅದು ಟೀ ಮಾಡಿದ ಕೆಲಸ.

"ಬೀಡಿ ಸೇದದಿದ್ದರೆ ಬೆಳಗ್ಗೆ ಹೊಟ್ಟೆ ಸಾಫ್ ಆಗೋದಿಲ್ಲ" ಅನ್ನುವುದು ಸುಳ್ಳಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟಾಗ ಕೆಲವು ದಿನ ಮಲಬದ್ಧತೆ ಆಗುತ್ತದೆ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಆಮೇಲೆ ಕಾಲು ಗಂಟೆ ನಡಿಗೆ, ರಾತ್ರಿ ಪಪ್ಪಾಯಿ, ಊಟದಲ್ಲಿ ಸೊಪ್ಪು ಕಾಳು. ಒಂದೆರಡು ವಾರದಲ್ಲಿ ಹೊಟ್ಟೆ ಹೊಸ ಅಭ್ಯಾಸಕ್ಕೆ ಹೊಂದಿಕೊಳ್ಳುತ್ತದೆ. ಕೆಮ್ಮು ಸ್ವಲ್ಪ ಜಾಸ್ತಿ ಆಗಬಹುದು, ಬಾಯಲ್ಲಿ ಸಣ್ಣ ಹುಣ್ಣು ಏಳಬಹುದು. ಹಸಿವು ಹೆಚ್ಚುತ್ತದೆ, ಮೊದಲ ವರ್ಷದಲ್ಲಿ ನಾಲ್ಕೈದು ಕೆ.ಜಿ. ಏರುವವರೂ ಇದ್ದಾರೆ. ತೂಕ ಆಮೇಲೆ ಇಳಿಸಬಹುದು.

ಸಂಜೆ ಬೇರೆ ದಾರಿ ಹಿಡಿಯಿರಿ. ದಿನಾ ಕಟ್ಟೆಗೆ ಹೋಗುತ್ತಿದ್ದವರು ಒಂದು ವಾರ ಕುಂದವಾಡ ಕೆರೆಯ ಸುತ್ತ ನಡೆಯಲಿ. ಮೊದಲ ತಿಂಗಳು ಎಣ್ಣೆ ಪಾರ್ಟಿ ಪೂರ್ತಿ ಬಿಡಿ, ಒಂದು ಪೆಗ್ ಒಳಗೆ ಹೋದರೆ ಗಟ್ಟಿ ನಿರ್ಧಾರವೂ ಸಡಿಲ ಆಗುತ್ತದೆ. ರಾತ್ರಿ ಲಾರಿ ಓಡಿಸುವವರಿಗೆ ನಿದ್ದೆ ತಡೆಯುವುದೇ ಬೀಡಿಯ ಕೆಲಸ ಆಗಿರುತ್ತದೆ. ನಿದ್ದೆ ಬಂದರೆ ಗಾಡಿ ಬದಿಗೆ ಹಾಕಿ ಇಪ್ಪತ್ತು ನಿಮಿಷ ಮಲಗಿ, ಅದಕ್ಕೆ ಬೇರೆ ಮದ್ದಿಲ್ಲ.

ಹೆಜ್ಜೆ 7: ಜಾರಿದರೆ

ಹದಿನೈದು ದಿನ ಚೆನ್ನಾಗಿದ್ದು, ಯಾವುದೋ ಮದುವೆಮನೆಯಲ್ಲಿ ಒಂದು ಬಾಯಿಗೆ ಹೋಯಿತು ಅಂದುಕೊಳ್ಳಿ. ಎಲ್ಲ ಮುಗಿಯಿತು, ನನ್ನ ಹಣೆಬರಹ ಇಷ್ಟೇ ಅಂತ ಪ್ಯಾಕೆಟ್ ಕೊಳ್ಳಬೇಡಿ. ಉಳಿದದ್ದನ್ನು ಬಿಸಾಡಿ. ಎಲ್ಲಿ, ಯಾರ ಜೊತೆ, ಯಾಕೆ ಆಯಿತು ಅಂತ ಬರೆದಿಡಿ. ಅದೇ ದಿನ ಸಹಾಯವಾಣಿಗೆ ಫೋನ್ ಮಾಡಿ. ಗಮ್ ನಡೆಯುತ್ತಿದ್ದರೆ ಮುಂದುವರಿಸಿ. ಗೆದ್ದವರಲ್ಲಿ ಹೆಚ್ಚಿನವರು ಒಂದೇ ಏಟಿಗೆ ಗೆದ್ದವರಲ್ಲ.

ಮನೆಯವರು ಏನು ಮಾಡಬೇಕು

ಮೊದಲ ವಾರ ಆ ಮನುಷ್ಯ ಸಿಡಿಮಿಡಿ ಅನ್ನುತ್ತಾನೆ. ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ತಳ್ಳಬಹುದು. ಅದು ನಿಕೋಟಿನ್ ಇಳಿಯುವ ಸಂಕಟ, ನಿಮ್ಮ ಮೇಲಿನ ಸಿಟ್ಟಲ್ಲ. ಹತ್ತಿರ ಬಂದಾಗಲೆಲ್ಲ ಬಾಯಿ ಮೂಸುವುದು, ಜೇಬು ತಡಕುವುದು, ನೆಂಟರ ಮುಂದೆ ಹಂಗಿಸುವುದು ಬೇಡ. "ಇವತ್ತು ಹೇಗಿತ್ತು?" ಅಂತ ಕೇಳಿದರೆ ಸಾಕು. ಉಳಿದ ದುಡ್ಡನ್ನು ಒಂದು ಡಬ್ಬಿಗೆ ಹಾಕಿಸಿ. ದಿನಕ್ಕೆ 50 ರೂಪಾಯಿ ಅಂದರೂ ವರ್ಷಕ್ಕೆ 18,250 ಆಗುತ್ತದೆ. ಮನೆಯಲ್ಲಿ ಇಬ್ಬರು ಬಳಸುವವರಿದ್ದರೆ ಇಬ್ಬರೂ ಒಂದೇ ದಿನ ಬಿಡುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಗಂಡಸರದ್ದು ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳ ಕಡ್ಡಿಪುಡಿ ಸೆರಗಿನ ಗಂಟಿನಲ್ಲಿರುತ್ತದೆ. ಹಲ್ಲುನೋವಿಗೆ ಅಂತ ಶುರುವಾಗಿ ನಿಂತೇ ಇಲ್ಲ. ಅತ್ತೆ, ಅವ್ವ, ಅಜ್ಜಿಯರನ್ನು ಹಲ್ಲು ತೋರಿಸಲು ಕರೆದುಕೊಂಡು ಹೋಗಿ. ನೋವಿನ ಹಲ್ಲಿಗೆ ಚಿಕಿತ್ಸೆ ಆದರೆ ಹೊಗೆಸೊಪ್ಪು ಹಾಕಲು ಇದ್ದ ನೆಪ ಅರ್ಧ ಹೋಗುತ್ತದೆ.

ಬಿಟ್ಟ ಮೇಲೆ ಏನಾಗುತ್ತದೆ

ಸೇದುವವರಲ್ಲಿ 20 ನಿಮಿಷಕ್ಕೇ ನಾಡಿಬಡಿತ, ಬಿಪಿ ಇಳಿಯಲು ಶುರು. 12 ಗಂಟೆಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಮಾಮೂಲು ಮಟ್ಟಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ಗೊತ್ತಾಗುತ್ತದೆ, ಒಂದರಿಂದ ಒಂಬತ್ತು ತಿಂಗಳಲ್ಲಿ ಕೆಮ್ಮು, ಏದುಸಿರು ತಗ್ಗುತ್ತದೆ. ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸೇದುವವರ ಅರ್ಧಕ್ಕೆ ಇಳಿಯುತ್ತದೆ. "ಈ ವಯಸ್ಸಲ್ಲಿ ಬಿಟ್ಟು ಏನು ಉಪಯೋಗ?" ಅನ್ನುವ ಯಜಮಾನರಿಗೆ: ಬ್ರಿಟನ್ನಿನ ವೈದ್ಯರನ್ನು 50 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ 60ನೇ ವಯಸ್ಸಿಗೆ ಬಿಟ್ಟವರಿಗೂ ಸುಮಾರು 3 ವರ್ಷ ಆಯಸ್ಸು ಉಳಿಯಿತು. 50ಕ್ಕೆ ಬಿಟ್ಟವರಿಗೆ 6, 40ಕ್ಕೆ 9, 30ಕ್ಕೆ ಬಿಟ್ಟವರಿಗೆ 10 ವರ್ಷ.

ಜಗಿಯುತ್ತಿದ್ದವರು ಬಿಟ್ಟ ಮೇಲೂ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಾಯಿ ನೋಡಿಕೊಳ್ಳಿ, ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ತೋರಿಸಿ. ಮೊದಲೇ ಮಚ್ಚೆ ಇದ್ದವರು, ಬಾಯಿ ತೆರೆಯುವುದು ಕಡಿಮೆಯಾದವರು ಅವರು ಹೇಳಿದ ತಾರೀಕು ತಪ್ಪಿಸಬೇಡಿ. ಹೋಗುವಾಗ ಎಷ್ಟು ವರ್ಷ, ಏನು, ಯಾವ ಬದಿಗೆ ಇಡುತ್ತಿದ್ದಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ.